ಚಿಕ್ಕಪ್ಪ ಕಲ್ಲು ಹತ್ತಿದ ದಿನ

ಇಪ್ಪತ್ತು ತುಂಬಿದ ಮೇಲೆ, ಸೊಂಟದಲ್ಲೊಂದು ಕೂಸು ಇಟ್ಟುಕೊಂಡು, ನಾನು ಅಕ್ಷರ ಕಲಿಯಲು ಕುಳಿತೆ. ನಗುವವರು ನಗಲಿ, ನನಗೇನು! ಬೆಟ್ಟದ ಮೇಲಿನ ಕೆತ್ತಿ ಕಣಿವೆಯ ನಮ್ಮ ಹಟ್ಟಿಗೆ ಆ ವರ್ಷ ಗುಂಡ್ಲುಪೇಟೆ ಕಡೆಯಿಂದ ಒಬ್ಬಳು ಟೀಚರಮ್ಮ ಬಂದಿದ್ದಳು. ಬೆಳಿಗ್ಗೆ ಮಕ್ಕಳಿಗೆ ಪಾಠ, ಮಧ್ಯಾಹ್ನ ಆಲೂಗಡ್ಡೆ ಹೊಲದಿಂದ ಬಂದ ನಮ್ಮಂಥ ಹೆಂಗಸರಿಗೆ. ಸ್ವರಗಳನ್ನು ಮುಗಿಸಿ ನಾನು 'ಕ'ಕ್ಕೆ ಬಂದಿದ್ದೆ. ಆ ಅಕ್ಷರವನ್ನು ಒಲೆಯ ಬೂದಿಯಲ್ಲೂ ಬರೆಯುತ್ತಿದ್ದೆ, ಕೂಸಿನ ಬೆನ್ನ ಮೇಲೂ ಬರೆಯುತ್ತಿದ್ದೆ.

ನನ್ನ ಚಿಕ್ಕಪ್ಪ ಹಟ್ಟಿಗೆಲ್ಲ ನಗೆಗಾರ. ಸಾವಿನ ಮನೆಯಲ್ಲೂ ನಾಲ್ವರನ್ನು ನಗಿಸಿಯೇ ಎದ್ದು ಬರುವವನು. ಟೀಚರಮ್ಮ ಕಡುಗಪ್ಪು. ಅವಳು ಬಂದ ಮಾರನೆಯ ದಿನವೇ ಅವನು ಶುರು ಮಾಡಿದ.

"ದೇವರು ಒಳ್ಳೇದೇ ಮಾಡ್ದ ಬಿಡಿ. ಎಂಥ ಮಂಜಿದ್ರೂ ಇವಳು ಕಾಣ್ತಾಳೆ, ಮಕ್ಕಳು ದಾರಿ ತಪ್ಪೋ ಹಂಗಿಲ್ಲ!"

ಸುಳ್ಳೇಕೆ ಹೇಳಲಿ, ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆದರೆ ನಗೆ ಅಷ್ಟಕ್ಕೇ ನಿಲ್ಲಲಿಲ್ಲ. ತಿಂಗಳು ಕಳೆಯುವುದರೊಳಗೆ 'ಬಯಲಿನ ಕರಿಯರಿಗೆ ಬುದ್ಧಿಯೂ ಕಪ್ಪೇ' ಎಂಬ ಮಾತು ಹುಟ್ಟಿತು. ಎರಡು ಮನೆಯವರು ಮಕ್ಕಳನ್ನು ಶಾಲೆ ಬಿಡಿಸಿದರು. ಅವಳಿಗೆ ಕೊಟ್ಟ ಮನೆಯನ್ನು ಖಾಲಿ ಮಾಡಿಸೋಣ, ಹಟ್ಟಿಯೆಲ್ಲ ಸೇರುವ ಕೂಟದಲ್ಲಿ ತೀರ್ಮಾನವಾಗಲಿ ಎಂದರು. ಅವಳು ಹೋದರೆ ನನ್ನ ಓದು 'ಕ'ದಲ್ಲೇ ಮುಗಿಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ! ನನಗೆ ಮೈಯೆಲ್ಲ ಉರಿಯಿತು. ನೇರ ಚಿಕ್ಕಪ್ಪನ ಮನೆಗೆ ಹೋದೆ.

"ಚಿಕ್ಕಪ್ಪ, ಟೀ ತೋಟದ ದೊರೆ ನಿನ್ನನ್ನ ಕರಿಕೋತಿ ಅಂದಾಗ ಮೂರು ದಿನ ಹಿಟ್ಟು ಮುಟ್ಟದೆ ಕೂತಿದ್ದೆಯಲ್ಲ?"

"ಅವ ಬೈದದ್ದು. ನಾನು ಮಾಡೋದು ತಮಾಷೆ."

"ಪಕ್ಕದಲ್ಲಿದ್ದ ದೊರೆಗಳೂ ನಕ್ಕರಂತಲ್ಲ? ಹಂಗಾದರೆ ಅದೂ ತಮಾಷೆಯೇ."

ಅವನ ಮುಖ ಕೆಂಪಾಯಿತು. "ಬಾಯಿ ಮುಚ್ಚು! ಎನ್ನ ಮನಸ್ಸಿಗೆ ಕಂಡದ್ದು ಎನ್ನ ಅಭಿಪ್ರಾಯ. ಕೂಟದಲ್ಲೇ ಹೇಳ್ತೀನಿ, ನೋಡ್ತಿರು."

ಕೂಟದ ದಿನ ಗಂಡಸರು ಹುಲ್ಲಿನ ಮೇಲೆ ಕುಳಿತರು, ನಾವು ಹೆಂಗಸರು ಗೋಡೆಯ ಪಕ್ಕ ನಿಂತೆವು. ಟೀಚರಮ್ಮನನ್ನೂ ಕರೆಸಿದ್ದರು. ಬೆಟ್ಟದವರ ರೀತಿ ನೀತಿ ಅವಳಿಗೇನೂ ಗೊತ್ತಿರಲಿಲ್ಲ. ನಾನು ಹೇಳಿಕೊಟ್ಟಿದ್ದು ಒಂದೇ: "ಹಿರಿಯರು ಎದುರಿಗೆ ಬಂದು ನಿಂತರೆ ತಲೆ ಬಗ್ಗಿಸು. ಕೈಯಿಟ್ಟು ಹರಸ್ತಾರೆ." ಅದು ನಮ್ಮಲ್ಲಿ ನಮಸ್ಕಾರ. ಹರಸದ ಹಿರಿಯನನ್ನು ನಾನು ಕಂಡಿಲ್ಲ.

ಕೂಟ ನಡೆಸುವ ಗೌಡರು ಕೇಳುವ ಮೊದಲೇ ಚಿಕ್ಕಪ್ಪ ಕುಳಿತಲ್ಲಿಂದಲೇ ಅವಳ ಬಣ್ಣದ ಮೇಲೆ ಒಂದು ನಗೆ ಹಾರಿಸಿದ. ಜನ ನಕ್ಕರು. ಮುದುಕ ಗೌಡರು ಮಾತ್ರ ನಗಲಿಲ್ಲ.

"ಇದು ನಗೆಯೋ, ಅಭಿಪ್ರಾಯವೋ?"

"ಅಭಿಪ್ರಾಯವೇ, ಗೌಡ್ರೇ."

"ನಗೆಯಾದ್ರೆ ಹುಲ್ಲ ಮೇಲೆ ಕೂತೇ ಹೇಳಬಹುದಿತ್ತು. ಅಭಿಪ್ರಾಯವಾದ್ರೆ ಕಲ್ಲು ಹತ್ತಪ್ಪ."

ನಮ್ಮ ಕೂಟದ ಕಟ್ಟಳೆಯೇ ಹಾಗೆ. ಒಬ್ಬರ ಮೇಲೆ ಮಾತಿದ್ದವನು ಮುಂಡಾಸು ತೆಗೆದು ನಡುವಿನ ಕಲ್ಲು ಹತ್ತಬೇಕು, ಅವರನ್ನು ಎದುರಿಗೆ ನಿಲ್ಲಿಸಿಕೊಂಡು ಅದೇ ಮಾತನ್ನು ಮುಖ ನೋಡಿ ಹೇಳಬೇಕು. ಹಾಗೆ ಹೇಳದ ಮಾತು ಲೆಕ್ಕಕ್ಕಿಲ್ಲ.

ಚಿಕ್ಕಪ್ಪ ಮೀಸೆ ತೀಡಿಕೊಂಡು ಕಲ್ಲು ಹತ್ತಿದ. ಟೀಚರಮ್ಮನನ್ನು ಎದುರಿಗೆ ಕರೆದರು. ಅವನು ಗಂಟಲು ಸರಿಮಾಡಿಕೊಂಡ. ಅವಳಿಗೆ ಕಟ್ಟಳೆ ಎಲ್ಲಿ ಗೊತ್ತು? ಹಿರಿಯರೊಬ್ಬರು ಎದುರಿಗೆ ನಿಂತಿದ್ದಾರೆ, ಅಷ್ಟೇ. ಸೆರಗು ಸರಿಮಾಡಿಕೊಂಡು ನಾನು ಹೇಳಿಕೊಟ್ಟ ಹಾಗೆಯೇ ತಲೆ ಬಗ್ಗಿಸಿದಳು.

ಅಯ್ಯೋ, ಆ ಗಳಿಗೆ! ಎಷ್ಟೋ ವರ್ಷದ ರೂಢಿ, ಚಿಕ್ಕಪ್ಪನ ಬಲಗೈ ತಾನಾಗಿಯೇ ಎದ್ದು ಅವಳ ತಲೆಯ ಮೇಲೆ ಕೂತಿತು. ಬಾಯಿಂದ ಹೊರಟಿತು:

"ಬದುಕು, ಬದುಕು. ಒಂದು ನೂರಾಗಿ ಬದುಕು."

ನನ್ನ ಅವ್ವೆ ಗೋಡೆಯ ಪಕ್ಕದಿಂದ ಕಿಸಕ್ಕನೆ ನಕ್ಕಳು, ಹಿಂದೆಯೇ ಹಟ್ಟಿಗೆ ಹಟ್ಟಿಯೇ ನಕ್ಕಿತು. ಹರಸಿದ ಕೈ ತಲೆಯ ಮೇಲಿರುವಾಗ ಅದೇ ತಲೆಗೆ ಯಾವ ಬಾಯಿ ಕೆಟ್ಟದ್ದು ಹೇಳೀತು?

"ಹೇಳಪ್ಪ, ಕಾಯ್ತಿದೀವಿ," ಎಂದರು ಗೌಡರು, ತುಟಿ ಕಚ್ಚಿಕೊಂಡು.

ಚಿಕ್ಕಪ್ಪ ಅವಳ ಮುಖ ನೋಡಿದ. ಅಷ್ಟು ಹತ್ತಿರದಿಂದ ಅವನು ಅವಳನ್ನು ನೋಡಿದ್ದು ಅದೇ ಮೊದಲು ಎಂದು ಕಾಣುತ್ತದೆ. "ಏನೂ ಇಲ್ಲ, ಗೌಡ್ರೇ," ಎಂದು ಮುಂಡಾಸು ಬಗಲಲ್ಲಿ ಇಟ್ಟುಕೊಂಡು ಇಳಿದುಬಿಟ್ಟ. ಟೀಚರಮ್ಮ ಉಳಿದಳು. ನಾನು ಕೂಸನ್ನು ಎತ್ತಿಕೊಂಡು ಮನೆಯ ತನಕ ಕುಣಿದುಕೊಂಡೇ ಬಂದೆ.

ಒಂದು ವಾರ ಚಿಕ್ಕಪ್ಪ ಯಾರ ಕಣ್ಣಿಗೂ ಬೀಳಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ನಾನು ಕೊಂಬು ಕೊಡುವುದನ್ನೂ ಕಲಿತಿದ್ದೆ. ಒಂದು ಮಧ್ಯಾಹ್ನ ಜಗಲಿಯ ಮೇಲೆ ಸ್ಲೇಟು ಹಿಡಿದು ನಾನಾಗಿಯೇ ಮೊದಲನೆಯ ಮಾತು ಬರೆದೆ. ಹೊಲಕ್ಕೆ ಹೊರಟಿದ್ದ ಚಿಕ್ಕಪ್ಪ ಗುದ್ದಲಿ ಊರಿಕೊಂಡು ಬಗ್ಗಿ ನೋಡಿದ.

"ಏನು ಗೀಚಿದ್ದೀ?"

"ನಿನ್ನ ಅಭಿಪ್ರಾಯ. ಕಲ್ಲ ಮೇಲೆ ನಿಂತು ಹೇಳಿದೆಯಲ್ಲ, ಅದು. ಬ, ದು, ಕು."

ಅವನು ಬಹಳ ಹೊತ್ತು ಆ ಮೂರು ಅಕ್ಷರ ನೋಡಿದ. ನಾನು ಮುಂದಿನ ಮಾತಿಗೆಂದು ಒದ್ದೆ ಬಟ್ಟೆ ಎತ್ತಿಕೊಂಡೆ. ಅವನು ನನ್ನ ಕೈ ಹಿಡಿದ.

"ಇರಲಿ, ಒರೆಸಬೇಡ," ಎಂದ.