ಆಟೋದಲ್ಲಿ ಬರುವ ಹೆಂಗಸು

ಬೋಡಿನಾಯಕನೂರಿನಲ್ಲಿ ಗೋಮತಿಯ ದನಿ ಕೇಳದವರು ಸಿಗುವುದು ಕಷ್ಟ. ಆಷಾಢದ, ಅಂದರೆ ಅಲ್ಲಿಯ ಆಡಿ ತಿಂಗಳ ಸೀರೆ ರಿಯಾಯಿತಿ, ಹೊಸ ಹಲ್ಲಿನ ಆಸ್ಪತ್ರೆ, ಹಳೇ ಕುಕ್ಕರ್ ಕೊಟ್ಟು ಹೊಸದು ಒಯ್ಯುವ ಮೇಳ, ಯಾವುದಾದರೂ ಸರಿ, ನೆತ್ತಿಗೆ ಎರಡು ಲೌಡ್‌ಸ್ಪೀಕರ್ ಹಾರ್ನ್ ಕಟ್ಟಿಕೊಂಡ ಪಾಂಡಿಯ ಆಟೋ ಬೀದಿಗೆ ಬರುತ್ತದೆ. ಮೊದಲು ಮನೆಮನೆಯ ತಟ್ಟೆ ಲೋಟ ನಡುಗುವಂಥ ಧಂ ಧಂ. ಅದರ ಬೆನ್ನಿಗೆ ಜೇನಿನಂಥ ತಮಿಳಿನಲ್ಲಿ ಒಬ್ಬ ಹೆಂಗಸು: "ಅನ್ಬಾನ ತಾಯ್ಮಾರ್ಗಳೇ!" ಪ್ರೀತಿಯ ತಾಯಂದಿರೇ ಅಂತ. ಆ ಹೆಂಗಸಿಗೆ ಇಪ್ಪತ್ತೈದರ ಮೇಲೆ ಒಂದು ದಿನವೂ ಆಗಿರಲಾರದು ಅನ್ನಿಸುತ್ತದೆ. ಗೋಮತಿಗೆ ನಲವತ್ತಾರು, ಮೂಗಿನಲ್ಲಿ ಸದಾ ನೆಗಡಿ.

ಮದುವೆಯಾದ ಆರನೇ ವರ್ಷಕ್ಕೆ ಗಂಡ ತೀರಿಕೊಂಡು ತವರಿಗೆ ಬಂದವಳು ಅವಳು. ಆಮೇಲೆ ಹದಿನೈದು ವರ್ಷ ಏಲಕ್ಕಿ ಮಂಡಿಯಲ್ಲಿ ಕಾಯಿ ಆಯ್ದಳು. ಚಹಾದ ಹೊತ್ತಿಗೆ ಜೊತೆಯ ಹೆಂಗಸರಿಗೆ ತಮಿಳು ಪೇಪರ್ ಓದಿ ಹೇಳುವುದು ಅವಳ ಪಾಲಿನ ಕೆಲಸ. ಅದು ರಾಮ್‌ಕುಮಾರನ ಕಿವಿಗೆ ಬಿತ್ತು. ದಿಂಡುಕಲ್ಲಿನ ಮದುವೆ ಮನೆಗಳಲ್ಲಿ ಡಿಜೆ ಹಾಕಿ ಸಾಕಾಗಿ, ಬೋಡಿಯಲ್ಲಿ ಮೊಟ್ಟೆ ತಟ್ಟೆಗಳನ್ನು ಗೋಡೆಗೆ ಅಂಟಿಸಿ ಸ್ಟುಡಿಯೋ ಮಾಡಿಕೊಂಡಿದ್ದ ಮನುಷ್ಯ. ಅವಳನ್ನು ಕರೆಸಿ, ಮೈಕಿನ ಮುಂದೆ ಕೂರಿಸಿ ಒಂದು ಜಾಹೀರಾತು ಓದಿಸಿ, ಅದರ ಕೆಳಗೆ ಲ್ಯಾಪ್‌ಟಾಪಿನಿಂದ ಒಂದು ತಾಳ ಇಟ್ಟು ಹೆಡ್‌ಫೋನ್ ಕಿವಿಗೆ ಹಾಕಿದ. ತನ್ನದೇ ಮಾತು ಆ ಗುಡುಗಿನ ಮೇಲೆ ತೇಲಿ ಬಂದಾಗ ಗೋಮತಿಗೆ ಎದೆಯಲ್ಲಿ ಏನೋ ಕಿತ್ತು ಬಂದಂತಾಯಿತು. ಬಸ್ ಸ್ಟ್ಯಾಂಡಿನ ಹಿಂದೆ ಹೋಗಿ ನಿಂತು ಚೆನ್ನಾಗಿ ಅತ್ತಳು. ಸೀರೆ ಅಂಗಡಿಯ ಜಾಹೀರಾತಿಗೆ ಅತ್ತ ಹೆಂಗಸು ಈ ಭೂಮಿಯ ಮೇಲೆ ಅವಳೊಬ್ಬಳೇ ಇರಬೇಕು.

ಅಳು ಅಲ್ಲಿಗೇ ನಿಂತಿತು. ರಾಮ್‌ಕುಮಾರ ಮೊದಲ ವಾರವೇ ಪಾಠ ಹೇಳಿದ್ದ. "ಅಕ್ಕಾ, ದನಿಯಲ್ಲಿ ಭಾವ ಇಡಬೇಡಿ. ಭಾವ ಕಂಡರೆ ಜನ ಹುಷಾರಾಗ್ತಾರೆ, ಇವಳು ಏನೋ ಮಾರೋಕೆ ಬಂದವಳೆ ಅಂತ. ನೀವು ಖಾಲಿ ದನಿ ಕೊಡಿ, ಮಿಕ್ಕಿದ್ದು ಮಿಷಿನ್ ನೋಡ್ಕೊಳ್ತದೆ. ತಾಳ ಮೊದಲು ಎದೆಗೆ ಹೊಡೀಬೇಕು. ಎದೆ ಒಪ್ಪಿದ ಮೇಲೆ ಕಿವಿ ಏನು ಮಹಾ!" ಗೋಮತಿ ಜಾಣೆ, ಬೇಗ ಕಲಿತಳು. ಖಾಲಿಯಾಗಿ ಮಾತಾಡಿ ಮಾತಾಡಿ ಆರು ವರ್ಷದಲ್ಲಿ ಆ ಖಾಲಿತನ ಗಂಟಲಿನಿಂದ ಕೆಳಕ್ಕೂ ಇಳಿಯಿತು. ಪೆರಿಯಕುಳದ ಸೋದರಮಾವ ಸತ್ತಾಗ ಮನೆಮಂದಿಯೆಲ್ಲ ಎದೆ ಬಡಿದುಕೊಂಡು ಅತ್ತರು. ಅವಳು ಒಲೆಯ ಮೇಲಿನ ಹಾಲು ಉಕ್ಕದಂತೆ ನೋಡಿಕೊಂಡಳು. ಯಾವ ತಾಳ, ಯಾವ ಹಾಡು ಬಂದರೂ ಫ್ಯಾನಿನ ಸದ್ದು ಕೇಳಿದ ಹಾಗೆ. ಅದರ ಬಗ್ಗೆ ಬೇಜಾರೂ ಅನ್ನಿಸುತ್ತಿರಲಿಲ್ಲ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವ್ವ ಗೋವಿಂದಮ್ಮಾಳ್. ಅವ್ವನಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ, ದಿನಾ ಮಾತ್ರೆ. ಅವರ ಮನೆಮಾತು ಕನ್ನಡ. ಯಾವ ಕಾಲದಲ್ಲೋ ಈ ಕಣಿವೆಗೆ ಬಂದವರ ಕನ್ನಡ, ಅರ್ಧಕ್ಕರ್ಧ ತಮಿಳು ಕುಡಿದದ್ದು. ಅವ್ವ ಮಗಳ ಜೊತೆ ಹುಟ್ಟಿದಾರಭ್ಯ ತಮಿಳು ಆಡಿದವಳಲ್ಲ, ಮಗಳೂ ಅಷ್ಟೇ. ತಮಿಳು ಇರುವುದು ಹೊಸಿಲಿನಾಚೆಗೆ.

ಈ ಒಂದು ಕಾರಣಕ್ಕೆ ಅವ್ವನಿಗೆ ಆಟೋದ ಹೆಂಗಸು ಯಾರೆಂದು ತಿಳಿಯಲೇ ಇಲ್ಲ. ತಿಳಿಸದೆ ಇದ್ದದ್ದಲ್ಲ. ಗೋಮತಿ ಮೂರು ಸಲ ಹೇಳಿದಳು. ಅವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ನಿನ್ನ ಎತ್ತವ್ಳು ನಾನು. ನಿನ್ ಗಂಟ್ಲು ನಂಗ್ ತಿಳೀದಾ? ಆ ಅಮ್ಮಾ ಎಂಗ್ ಮಾತಾಡ್ತಾಳೆ, ನೀ ಎಂಗ್ ಮಾತಾಡ್ತೀ! ಸುಮ್ನೆ ಓಗು."

ನಗೆಯ ಮಾತು ಅಂತ ಗೋಮತಿಯೂ ಬಿಟ್ಟಳು. ಬಿಡಬಾರದಿತ್ತು.

ಪೊಂಗಲ್ ಕಳೆದ ಮೇಲೆ ಒಂದು ಮೂಲಿಕೆ ಕಷಾಯದ ಜಾಹೀರಾತು ಬಂತು. ಸಕ್ಕರೆ ಕಾಯಿಲೆಗೆ, ಮಂಡಿನೋವಿಗೆ, ನಿದ್ದೆ ಬಾರದ್ದಕ್ಕೆ, ಎಲ್ಲಕ್ಕೂ ಒಂದೇ ಬಾಟಲಿ. ಕೊನೆಯ ಸಾಲು, "ಇನಿ ಮಾತ್ತಿರೈ ಎದುಕ್ಕು?" ಅಂದರೆ ಇನ್ನು ಮಾತ್ರೆ ಯಾಕೆ ಅಂತ. ರಾಮ್‌ಕುಮಾರ ಆ 'ಎದುಕ್ಕು'ವನ್ನು ತುಂಡು ಮಾಡಿ, ತಾಳಕ್ಕೆ ಸರಿಯಾಗಿ ಎದು ಎದು ಎದುಕ್ಕು ಅಂತ ಕುಣಿಸಿದ. ಊರಿನ ಮಕ್ಕಳ ಬಾಯಲ್ಲೆಲ್ಲ ಅದೇ. ಗೋಮತಿ ಓದಿದಳು, ಎದ್ದು ಬಂದಳು. ಏನು ಓದಿದೆ ಅಂತ ಸಂಜೆ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವ್ವ ಸಂತೆಯಿಂದ ಬದನೆಕಾಯಿ ತಂದಳು. ಹೊಸಿಲಿನಿಂದ ಅಡುಗೆಮನೆವರೆಗೆ ನೆಲದ ಮೇಲೆ ಕೆಂಪು ಗುರುತು. ಗೋಮತಿ ಚಪ್ಪಲಿ ಎತ್ತಿ ನೋಡಿದರೆ ಅಟ್ಟೆಯನ್ನು ತೂರಿ ಒಂದು ಮೊಳೆ ಮೇಲೆ ಬಂದಿದೆ. ಅದರ ಮೇಲೇ ಕಾಲಿಟ್ಟು ಅವ್ವ ಸಂತೆಯಿಂದ ಮನೆತನಕ ನಡೆದು ಬಂದಿದ್ದಾಳೆ, ಗೊತ್ತೇ ಆಗಿಲ್ಲ. ಪಾದ ಮರಗಟ್ಟಿತ್ತು. ಚಿವುಟಿದರೂ "ಎಲ್ಲಿ ಮುಟ್ಟುದೆ?" ಅನ್ನುತ್ತಾಳೆ.

ತೇನಿಯ ಆಸ್ಪತ್ರೆಯಲ್ಲಿ ಸಕ್ಕರೆ ನಾನೂರು ದಾಟಿತ್ತು. ಡಾಕ್ಟರ್ ಹೆಬ್ಬೆರಳನ್ನು ತಿರುಗಿಸಿ ನೋಡಿ, ಮಾತ್ರೆ ತಪ್ಪದೆ ನುಂಗಬೇಕು, ಹದಿನೈದು ದಿನದಲ್ಲಿ ಗಾಯ ಮಾಯುವ ದಾರಿ ಹಿಡಿಯದಿದ್ದರೆ ಬೆರಳು ತೆಗೆಯಬೇಕಾದೀತು, ಅಲ್ಲಿಗೂ ನಿಲ್ಲದಿದ್ದರೆ ಪಾದ ಅಂದರು. ಅವ್ವ ಭಕ್ತಿಯಿಂದ ತಲೆಯಾಡಿಸಿದಳು. ಮನೆಗೆ ಬಂದು ಗೋಮತಿ ಹುಡುಕಿದಾಗ ಎರಡು ತಿಂಗಳ ಮಾತ್ರೆ ಹಾಗೇ ರಾಗಿ ಡಬ್ಬದಲ್ಲಿ ಮುದುಡಿ ಕೂತಿತ್ತು. ಪಕ್ಕದಲ್ಲಿ ಕಷಾಯದ ಬಾಟಲಿ ನಾಲ್ಕು.

"ಯಾಕವ್ವ ಇಂಗ್ ಮಾಡ್ದೆ?"

"ಆ ಅಮ್ಮಾ ಬ್ಯಾಡ ಅಂದ್ಲಲ್ಲಾ."

"ಅದು ನಾನವ್ವ! ನಾನೇ ಓದಿದ್ದು. ಯಾರೋ ಬರ್ಕೊಟ್ರು, ಓದ್ದೆ. ಅದೆಲ್ಲ ಪೊಯ್ಯಿ, ಬರೀ ಸುಳ್ಳು."

"ಬಂಗಾರದಂತ ಎಣ್ಣು ಅವ್ಳು. ಅವ್ಳ ಮೇಲೆ ನಿಂಗ್ಯಾಕೆ ಒಟ್ಟೆಕಿಚ್ಚು?"

ಗೋಮತಿ ಅವ್ವನ ಕೈ ಹಿಡಿದಳು, ಬೈದಳು, ಆಣೆ ಹಾಕಿಸಿದಳು. ಮಾತ್ರೆಯನ್ನು ಬಾಯಿಗಿಟ್ಟು ನೀರು ಕುಡಿಸಿದರೆ, ಹಿತ್ತಲಿಗೆ ಹೋಗಿ ಉಗುಳಿ ಬಂದಳು ಅವ್ವ. ಹೀಗೇ ನಾಲ್ಕು ದಿನ ಕಳೆಯಿತು. ಹೆಬ್ಬೆರಳಿನ ಬಣ್ಣ ತಿರುಗುತ್ತಿತ್ತು.

ಐದನೇ ದಿನ ಗೋಮತಿ ಸ್ಟುಡಿಯೋಗೆ ಹೋದಳು. "ತಂಬಿ, ಆ ಕಷಾಯದ್ದು ನಿಲ್ಸು. ಇನ್ನೊಂದು ರೆಕಾರ್ಡ್ ಮಾಡು, ಅದೇ ತಾಳ ಇರಲಿ." ರಾಮ್‌ಕುಮಾರ ವಿಷಯ ಕೇಳಿ ಮೌಸ್ ಬಿಟ್ಟು ಎದ್ದ. ಮೈಕು ಸರಿಮಾಡಿದ.

ಅವಳು ತಮಿಳಿನಲ್ಲಿ ಶುರು ಮಾಡಿದಳು. ಅನ್ಬಾನ ತಾಯ್ಮಾರ್ಗಳೇ, ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ. ಎರಡನೇ ಸಾಲು ಶುರುವಾಗಿತ್ತಷ್ಟೆ. ಆರು ವರ್ಷ ಎಲ್ಲಿ ಅಡಗಿತ್ತೋ, ಅಳು ನುಗ್ಗಿ ಬಂತು. ನನ್ನವ್ವನ ಕಾಲು ಹೋಗ್ತದೆ ಅನ್ನುವ ಭಯ ಮೊಟ್ಟಮೊದಲ ಸಲ ಅವಳ ಮೈಗೆ ತಟ್ಟಿದ್ದು ಅಲ್ಲಿ, ಮೊಟ್ಟೆ ತಟ್ಟೆಗಳ ಮಧ್ಯೆ. ಬೇಡಿಕೊಳ್ಳುವವಳ ಹಾಗೆ ಕೊನೆತನಕ ಓದಿದಳು.

ರಾಮ್‌ಕುಮಾರ ಕಣ್ಣು ತಗ್ಗಿಸಿ ಹೇಳಿದ, "ಅಕ್ಕಾ, ಇದು ನೀವು. ಅವಳಲ್ಲ. ಅಮ್ಮ ನಂಬಲ್ಲ."

ಹೊರಗೆ ಹೋಗಿ ಮುಖ ತೊಳೆದು ಬಂದಳು. ಎರಡನೇ ಸಲವೂ ದನಿ ನಡುಗಿತು. ಮೂರನೇ ಸಲ ಕಣ್ಣು ಮುಚ್ಚಿ, ಒಳಗಿದ್ದ ಅವ್ವನನ್ನು ಪಕ್ಕಕ್ಕೆ ಸರಿಸಿ, ಸೀರೆ ಓದಿದ ಹಾಗೆ, ಕುಕ್ಕರ್ ಓದಿದ ಹಾಗೆ ಓದಿದಳು. ರಾಮ್‌ಕುಮಾರ ಹೆಬ್ಬೆರಳು ಎತ್ತಿ ತೋರಿಸಿದ. ಕಣ್ಣು ಬಿಟ್ಟಾಗ ಅಳು ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಹುಡುಕಿದಳು, ಸಿಗಲಿಲ್ಲ.

ಮರುದಿನದಿಂದ ಪಾಂಡಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವರ ಬೀದಿಗೇ ಆಟೋ ತಂದು ನಿಲ್ಲಿಸಿದ. ಅವ್ವ ಕುಂಟುತ್ತಾ ಬಾಗಿಲಿಗೆ ಬಂದು, ಸೆರಗು ಸರಿಮಾಡಿಕೊಂಡು ಪೂರ್ತಿ ಕೇಳಿದಳು. ಒಳಗೆ ಹೋಗಿ ತಾನೇ ಡಬ್ಬ ತೆಗೆದು ಮಾತ್ರೆ ನುಂಗಿದಳು. ಮೊದಲು ಬೇಡ ಅಂದವಳು ಈಗ ಬೇಕು ಅಂತಾಳಲ್ಲ ಎಂದು ಅವ್ವ ಕೇಳಲಿಲ್ಲ. ಊರಿನಲ್ಲೂ ಯಾರೂ ಕೇಳಲಿಲ್ಲ.

ಹದಿನೈದನೇ ದಿನ ಡಾಕ್ಟರ್ ಬೆರಳು ಉಳಿಯಿತು ಅಂದರು. ಪಾದಕ್ಕೆ ಸ್ಪರ್ಶ ಮರಳುವುದು ಮಾತ್ರ ಅನುಮಾನ ಅಂದರು.

ಆ ಸಂಜೆ ಗೋಮತಿ ಅವ್ವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಪಟ್ಟಿ ಸುತ್ತುತ್ತಿದ್ದಳು. ಅವ್ವ ಬೀದಿಯ ಕಡೆ ಮುಖ ಮಾಡಿ ಕೂತಿದ್ದಳು, ಕಾಲು ಯಾರ ಕೈಯಲ್ಲಿದೆ ಅನ್ನುವ ಪರಿವೆಯಿಲ್ಲದೆ.

"ನೀನೂ ಏಳ್ದೆ ಮಗ್ಳೇ, ಇಲ್ಲ ಅನ್ನಲ್ಲ," ಅಂದಳು. "ಆದ್ರೆ ನೀ ಏಳ್ದಾಗ ಬರೀ ಬಾಯಲ್ಲಿ ಏಳ್ದಂಗ್ ಇತ್ತು. ಅವ್ಳು ಎಷ್ಟು ಅಕ್ಕರೆಲಿ ಏಳ್ತಾಳೆ! ಎತ್ತ ತಾಯಿಗೆ ಏಳ್ದಂಗೆ."

ಗೋಮತಿ ಪಟ್ಟಿಯ ತುದಿಯನ್ನು ಸೀಳಿ ಗಂಟು ಹಾಕಿದಳು.

"ನಾಳೆನೂ ಬತ್ತಾಳಾ?"

"ಬತ್ತಾಳೆ ಅವ್ವ."