ಸರ್ಕಾರದ ಅಕ್ಕಿ, ಇಗರ್ಜಿಯ ತೆನೆ

ಕೊರೋನಾ ಮುಗಿದು ಶಾಲೆಗಳು ಸರಿಯಾಗಿ ಶುರುವಾದ ವರ್ಷ. ಆಗ ನಾನು ಮಂಗಳೂರಿನ ಬೋಳಾರದ ಕಡೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವಳಾಗಿದ್ದೆ. ಈಗ ನಿವೃತ್ತಿ. ಪಿಂಚಣಿ ಗಿಂಚಣಿ ಏನೂ ಇಲ್ಲ. ಅರುವತ್ತಾಯಿತು, ಮನೆಗೆ ಹೋಗಿ ಎಂದರು, ಬಂದೆ. ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕು ಗೆರೆ ಬರೆದರೆ ಕೈ ನೋಯುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮೊನ್ನೆ ಟಿವಿಯಲ್ಲಿ ಧರ್ಮದವರು ನಡೆಸುವ ಶಾಲೆಗೆ ಸರ್ಕಾರ ಹಣ ಕೊಡಬೇಕೋ ಬೇಡವೋ ಎಂದು ನಾಲ್ಕು ಜನ ಕಿರುಚಾಡುತ್ತಿದ್ದರು. ಆ ಜಗಳ ನನ್ನ ಅಡುಗೆ ಕೋಣೆಗೇ ಒಮ್ಮೆ ಬಂದಿತ್ತು.

ನಮ್ಮದು ಇಗರ್ಜಿಯವರ ಶಾಲೆ. ಇಗರ್ಜಿ ಎಂದರೆ ಚರ್ಚು. ಕಟ್ಟಡ, ಬೆಂಚು, ಆಡಳಿತ ಅವರದು. ಟೀಚರ್‌ಗಳ ಸಂಬಳ, ಮಕ್ಕಳ ಪುಸ್ತಕ, ಹಾಲು, ಅನ್ನ ಸರ್ಕಾರದ್ದು. ಇದಕ್ಕೆ ಅನುದಾನಿತ ಶಾಲೆ ಎನ್ನುತ್ತಾರೆ. ಅಲ್ಲಿ ಕಲಿಯುವ ಮಕ್ಕಳಲ್ಲಿ ಇಗರ್ಜಿಯವರು ಬೆರಳೆಣಿಕೆ. ಅವರ ಹೆಚ್ಚಿನ ಮಕ್ಕಳು ಇಂಗ್ಲಿಷ್ ಮೀಡಿಯಂಗೆ ಹೋಗಿಯಾಗಿದೆ. ಉಳಿದದ್ದು ನಮ್ಮ ತುಳುವರ ಮಕ್ಕಳು, ಬ್ಯಾರಿ ಮುಸಲ್ಮಾನರ ಮಕ್ಕಳು, ಕಟ್ಟಡದ ಕೆಲಸಕ್ಕೆಂದು ಗದಗ, ಬಾಗಲಕೋಟೆಯಿಂದ ಬಂದವರ ಮಕ್ಕಳು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಲೀನಾ. ತೆಳ್ಳಗಿನ ಹೆಂಗಸು, ನಡೆಯುವುದಿಲ್ಲ, ಓಡುತ್ತಾರೆ. ಸಾಂಬಾರಿನ ಪರಿಮಳ ಬಂದರೆ ಆಫೀಸು ಬಿಟ್ಟು ಸೌಟು ಹಿಡಿದು ನಿಲ್ಲುತ್ತಿದ್ದರು. “ನಿಮಗೆ ಕೆಲಸ ಇಲ್ಲವಾ ಸಿಸ್ಟರ್?” ಎಂದು ನಾನು ಬೈದರೆ, “ರುಚಿ ನೋಡುವುದು ಸರ್ಕಾರದ ಆರ್ಡರ್ ಲಲಿತಕ್ಕ” ಎನ್ನುತ್ತಿದ್ದರು. ಸುಳ್ಳಲ್ಲ. ಮಕ್ಕಳಿಗಿಂತ ಮೊದಲು ಟೀಚರ್ ಉಣ್ಣಬೇಕೆಂದು ನಿಯಮವೇ ಇದೆ. ಆದರೆ ಎರಡು ಸಲ ಉಣ್ಣಬೇಕೆಂದು ಇಲ್ಲ.

ಸೆಪ್ಟೆಂಬರ್ ಎಂಟಕ್ಕೆ ಅವರ ಮೊಂತಿ ಹಬ್ಬ. ಮೇರಿ ಮಾತೆ ಹುಟ್ಟಿದ ದಿನ. ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಕುಡಿಯುತ್ತಾರೆ. ದುಬಾಯಿಯಲ್ಲಿ ಇರುವ ಮಗನಿಗೂ ಕವರಿನಲ್ಲಿ ನಾಲ್ಕು ಕಾಳು ಕಳಿಸುತ್ತಾರೆ. ನಮ್ಮಲ್ಲೂ ಇದು ಇದೆ. ತೆನೆ ತಂದು ಮನೆಯಲ್ಲಿ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುತ್ತೇವೆ. ದೇವರು ಬೇರೆ, ಭತ್ತ ಒಂದೇ. ಬೋಳಾರದಲ್ಲಿ ಈಗ ಗದ್ದೆ ಎಲ್ಲಿದೆ? ಇಬ್ಬರಿಗೂ ತೆನೆ ವಾಮಂಜೂರಿನ ಕಡೆಯಿಂದಲೇ ಬರಬೇಕು.

ಆ ವರ್ಷ ಹಬ್ಬದ ಮರುದಿನ ಸಿಸ್ಟರ್ ಒಂದು ಹಿಡಿ ತೆನೆ ಹಿಡಿದುಕೊಂಡು ಅಡುಗೆ ಕೋಣೆಗೆ ಓಡಿಬಂದರು. ಎರಡು ವರ್ಷ ಮಕ್ಕಳು ಮನೆಯಲ್ಲೇ ಇದ್ದರು, ಈಗ ಬಂದಿದ್ದಾರೆ, ಎಲ್ಲರಿಗೂ ಪಾಯಸ ಮಾಡೋಣ ಎಂದರು. ತೆಂಗಿನಕಾಯಿ, ಬೆಲ್ಲ ಅವರೇ ತರಿಸಿದರು. ಅಕ್ಕಿ ಮಾತ್ರ ಸರ್ಕಾರದ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ತೆನೆಯ ಕಾಳು ಪುಡಿ ಮಾಡಿ ಅದಕ್ಕೇ ಹಾಕಿದೆ. ಪಾತ್ರೆಯ ತಳ ಕಾಣುವವರೆಗೆ ಮಕ್ಕಳು ತಿಂದರು.

ನಾಲ್ಕನೇ ಕ್ಲಾಸಿನ ಶ್ರಾವ್ಯ ಮನೆಗೆ ಹೋಗಿ ಅಜ್ಜಿಯ ಹತ್ತಿರ, “ನಾನು ಹೊಸ ಅಕ್ಕಿ ತಿಂದಾಯ್ತು!” ಎಂದು ಹೇಳಿದಳಂತೆ. ಅಲ್ಲಿ ಹೊತ್ತಿಕೊಂಡಿತು. ಅವರ ಮನೆಯಲ್ಲಿ ತೆನೆ ಕಟ್ಟುವುದು ನವರಾತ್ರಿಗೆ. ಸ್ವಂತ ಮನೆಯ ಹೊಸ ಅಕ್ಕಿ ಊಟ ಆಗುವ ಮೊದಲು ಹೊರಗೆ ಹೊಸ ಅಕ್ಕಿ ಬಾಯಿಗೆ ಹಾಕಬಾರದು. ಇದು ನಮ್ಮವರ ಕಟ್ಟುಕಟ್ಟಳೆ. ನನ್ನ ಮನೆಯಲ್ಲಿ ಚೌತಿಗೇ ತೆನೆ ಕಟ್ಟಿ ಆಗಿತ್ತು, ಹಾಗಾಗಿ ಆ ಯೋಚನೆಯೇ ನನಗೆ ಬರಲಿಲ್ಲ. ಸಿಸ್ಟರ್‌ಗೆ ಹೇಗೆ ಬರಬೇಕು? ಅಜ್ಜಿ ಮಗನಿಗೆ ಬೈದಳು. ಮಗ, ಅಂದರೆ ಶ್ರಾವ್ಯಳ ಅಪ್ಪ ದಿನೇಶ, ಆಟೋ ಓಡಿಸುವವನು, ಸೀದಾ ಶಿಕ್ಷಣ ಇಲಾಖೆಯ ಆಫೀಸಿಗೆ ಆಟೋ ತಿರುಗಿಸಿದ. ಸರ್ಕಾರದ ಅಕ್ಕಿಯಲ್ಲಿ ಇಗರ್ಜಿಯ ಪೂಜೆ ನಡೆಸುತ್ತಾರೆ ಎಂದು ದೂರು ಕೊಟ್ಟ.

ಮರುದಿನ ಗೇಟಿನಲ್ಲಿ ಅವನನ್ನು ಹಿಡಿದೆ. ನಾವು ಜಗಳ ಮಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.

“ಎಂತ ಮಾರಾಯ, ನನ್ನ ಹತ್ತಿರ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?”

“ನಿಮಗೆ ಹೇಳಿ ಎಂತ ಲಲಿತಕ್ಕ? ಪೆಟ್ರೋಲ್ ಹಾಕಿಸುವಾಗ ನಾನು ಟ್ಯಾಕ್ಸ್ ಕಟ್ಟುದಿಲ್ವಾ? ಆ ಹಣದಲ್ಲಿ ಅವರ ಹಬ್ಬ ಯಾಕೆ?”

“ಹಾಗಾದ್ರೆ ಮಗಳನ್ನು ಇಲ್ಲಿಗೆ ಯಾಕೆ ಹಾಕಿದ್ದು?”

“ಸರ್ಕಾರಿ ಶಾಲೆಗೆ ಬೀಗ ಹಾಕಿದ್ದಾರಲ್ಲ? ಮತ್ತೆ ನೇತ್ರಾವತಿ ಹೊಳೆಯ ಮೀನುಗಳ ಹತ್ತಿರ ಕಲೀಲಿಕ್ಕೆ ಕಳಿಸ್ಲಾ?”

ಹತ್ತಿರದ ಸರ್ಕಾರಿ ಶಾಲೆಗೆ ಮಕ್ಕಳಿಲ್ಲ ಎಂದು ಬೀಗ ಬಿದ್ದದ್ದು ಹೌದು. ಬೇರೆ ದಾರಿ ಇಲ್ಲದವನಿಗೆ, ಇಷ್ಟ ಇಲ್ಲದಿದ್ದರೆ ಬಿಟ್ಟುಹೋಗು ಎನ್ನುವುದು ಸರಿಯಲ್ಲ.

ಆ ವಾರವೇ ಇಲಾಖೆಯಿಂದ ಬಿಸಿಯೂಟ ನೋಡಿಕೊಳ್ಳುವ ಮೇಡಂ ಬಂದರು. ದಿನೇಶನನ್ನೂ ಕರೆಸಿದರು. ಮಕ್ಕಳ ಊಟ ಮುಗಿದ ಮೇಲೆ ಜಗಲಿಯಲ್ಲಿ ಕುರ್ಚಿ ಹಾಕಿ ಕೂತೆವು.

“ಸರ್ಕಾರದ ಅಕ್ಕಿಗೆ ಬೇರೆ ಏನಾದ್ರೂ ಸೇರಿಸಿದ್ದೀರಾ?” ಎಂದು ಮೇಡಂ ನನ್ನನ್ನು ಕೇಳಿದರು.

“ಸೇರಿಸಿದ್ದೇನೆ” ಎಂದೆ.

“ಸೇರಿಸಲಿಕ್ಕೆ ಹೇಳಿದ್ದು ನಾನು. ಅವರದ್ದು ತಪ್ಪು ಏನೂ ಇಲ್ಲ” ಎಂದು ಸಿಸ್ಟರ್ ಎದ್ದು ನಿಂತರು.

“ಕೂತ್ಕೊಳ್ಳಿ ಸಿಸ್ಟರ್. ಪುಡಿ ಮಾಡಿದ್ದು ನಾನಲ್ವಾ?” ಎಂದು ಹೇಳಿದೆ.

ಮೇಡಂ ತಲೆ ತುರಿಸಿಕೊಂಡರು. ಅವರು ಕೆಟ್ಟವರಲ್ಲ, ದೂರು ಬಂದ ಮೇಲೆ ಏನಾದರೂ ಮಾಡಬೇಕಾಗಿತ್ತು. ಈ ಅಡುಗೆ ಕೋಣೆ ಮುಚ್ಚಿಸಿ, ದೊಡ್ಡ ಅಡುಗೆ ಮನೆಯಿಂದ ವ್ಯಾನಿನಲ್ಲಿ ಊಟ ತರಿಸುವುದೊಂದೇ ದಾರಿ ಎಂದು ಕಾಣುತ್ತದೆ ಎಂದರು.

ನನಗೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇದ್ದೇ ಇತ್ತು, ಇಲ್ಲ ಎನ್ನುವುದಿಲ್ಲ. ವ್ಯಾನಿನ ಊಟ ಕೆಟ್ಟದ್ದೆಂದೂ ಹೇಳುವುದಿಲ್ಲ. ಆದರೆ ಸೋಮವಾರ ಕೆಲವು ಮಕ್ಕಳು ಹಸಿದುಕೊಂಡೇ ಬರುತ್ತವೆ. ಭಾನುವಾರ ಮನೆಯಲ್ಲಿ ಏನಾಯಿತೋ, ಅಪ್ಪ ಕುಡಿದನೋ. ಅಂಥ ಮಕ್ಕಳಿಗೆ ಗಂಟೆ ಹೊಡೆಯುವ ಮೊದಲೇ ಅನ್ನದ ಗಂಜಿಗೆ ಉಪ್ಪು ಹಾಕಿ ಕೊಡುತ್ತಿದ್ದೆ. ವ್ಯಾನು ಬರುವುದು ಮಧ್ಯಾಹ್ನ.

ನನಗಿಂತ ಮೊದಲು ಬಾಯಿ ಬಿಟ್ಟದ್ದು ದಿನೇಶ. “ಮುಚ್ಚುದಾ? ಅಡುಗೆ ಮುಚ್ಚಿ ಅಂತ ನಾನು ಯಾವಾಗ ಹೇಳಿದೆ ಮೇಡಂ?”

“ಮತ್ತೆ ನಿಮಗೆ ಏನು ಬೇಕು?”

“ಕೇಳಿ ಕೊಡ್ಲಿ. ನನ್ನ ಮಗಳ ಬಾಯಿಗೆ ದೇವರ ಹೆಸರಲ್ಲಿ ಎಂತದಾದ್ರೂ ಹಾಕುವ ಮೊದಲು ನನ್ನನ್ನು ಕೇಳ್ಲಿ. ಬೇಡ ಅಂದ್ರೆ ಬೇಡ. ಲಲಿತಕ್ಕನ ಅನ್ನ ನಿಲ್ಲಿಸಿ ಅಂತ ಹೇಳ್ಲಿಕ್ಕೆ ನಂಗೆ ಎಂತ ಮರ್ಲಾ?”

ಮರ್ಲು ಎಂದರೆ ಹುಚ್ಚು. ಸಿಸ್ಟರ್ ಮುಖ ಕೆಂಪು ಮಾಡಿಕೊಂಡು ಕೂತಿದ್ದರು. ವಾದ ಮಾಡುತ್ತಾರೆ ಎಂದುಕೊಂಡಿದ್ದೆ, ಮಾಡಲಿಲ್ಲ. “ಅದು ನ್ಯಾಯ. ನಾನು ಹಂಚುವ ಖುಷಿಯಲ್ಲಿ ಕೇಳಲೇ ಇಲ್ಲ” ಎಂದರು. ದಿನೇಶ ನೆಲ ನೋಡಿದ. ಅವನ ಮಗಳಿಗೆ ಕಾಗುಣಿತ ಕಲಿಸಿದ್ದು ಇದೇ ಸಿಸ್ಟರ್, ಸಂಜೆ ಉಳಿಸಿಕೊಂಡು.

ಮೇಡಂ ಒಂದು ತೀರ್ಮಾನ ಹೇಳಿದರು. ಸರ್ಕಾರದ ಪಾತ್ರೆಯಲ್ಲಿ ಸರ್ಕಾರದ್ದು ಮಾತ್ರ. ಹಬ್ಬದ್ದು ಏನಾದರೂ ಇದ್ದರೆ ಇಗರ್ಜಿಯ ಅಕ್ಕಿ, ಇಗರ್ಜಿಯ ಪಾತ್ರೆ, ಅದೂ ಅವರ ಅಡುಗೆ ಮನೆಯಲ್ಲಿ ಮಾಡಿ, ಮೊದಲೇ ಮನೆಯವರ ಒಪ್ಪಿಗೆ ಕೇಳಿ ಕೊಡಬೇಕು. ಬಿಸಿಯೂಟ ಇಲ್ಲಿಯೇ ನಡೆಯಲಿ. ಏಳುವಾಗ ಸ್ವಲ್ಪ ಸಾಂಬಾರ್ ಉಳಿದಿದೆಯಾ ಎಂದು ಕೇಳಿದರು. ಉಳಿದಿತ್ತು. ಉಂಡು ಹೋದರು.

ಮರುವರ್ಷ ಮೊಂತಿ ಹಬ್ಬಕ್ಕೆ ಮೊದಲು ಸಿಸ್ಟರ್ ಮನೆಮನೆಗೆ ಹೋಗಿ ಕೇಳಿದರು. ಹೆಚ್ಚಿನವರು ಕೊಡಿ ಎಂದರು. ಕೆಲವರು ಬೇಡ ಎಂದರು. ದಿನೇಶನೂ ಬೇಡ ಎಂದ. “ಬೇಜಾರು ಮಾಡ್ಬೇಡಿ ಸಿಸ್ಟರ್, ನವರಾತ್ರಿ ಆಗ್ಲಿಲ್ಲ” ಎಂದನಂತೆ.

ಆ ದಿನ ಸಿಸ್ಟರ್‌ಗಳು ಇರುವ ಕಾನ್ವೆಂಟಿನಿಂದ ಪಾಯಸ ಬಂತು. ಶ್ರಾವ್ಯ ಅನ್ನದ ತಟ್ಟೆ ಹಿಡಿದು ಕೂತಿದ್ದಳು. ಪಕ್ಕದ ಹುಡುಗಿ ಬೆರಳು ನೆಕ್ಕುತ್ತಿದ್ದಳು. ಸಿಸ್ಟರ್‌ಗೆ ತಡೆಯಲಾಗಲಿಲ್ಲ, ನನ್ನ ಕಿವಿಯ ಹತ್ತಿರ ಬಂದು, “ಪಾಪ, ಆ ನಾಲ್ಕು ಮಕ್ಕಳಿಗೆ ಒಂದೊಂದು ಚಾಕಲೇಟು ತರಿಸಲಾ?” ಎಂದರು.

“ಸುಮ್ಮನಿರಿ” ಎಂದೆ. “ಅವರಿಗೆ ಎಂತ ಕಡಿಮೆ ಆಗಿದೆ? ಪಾಪ ಅಂತ ನೋಡಿದ್ರೆ ಆಗಲೇ ಅವರು ಬೇರೆ ಆಗುದು.”

ಎಲ್ಲರಿಗೆ ಹಾಕಿದಷ್ಟೇ ಅವಳಿಗೂ ಅನ್ನ ಹಾಕಿದೆ. ಇನ್ನೊಂದು ಸೌಟು ಸಾಂಬಾರ್ ಕೇಳಿದಳು, ಹಾಕಿದೆ. ಉಂಡು, ತಟ್ಟೆ ತೊಳೆದು, ನನ್ನ ಎದುರು ಬಂದು ನಿಂತು ಸಿಸ್ಟರ್‌ಗೂ ಕೇಳುವಷ್ಟು ಜೋರಾಗಿ, “ಲಲಿತಕ್ಕ, ಇವತ್ತು ಉಪ್ಪು ಕಡಿಮೆ” ಎಂದಳು.

ಸಿಟ್ಟು ಬಂತು, ಯಾಕೆಂದರೆ ಉಪ್ಪು ನಿಜವಾಗಿಯೂ ಕಡಿಮೆ ಇತ್ತು. ಆದರೆ ಟಿವಿಯವರ ಪ್ರಶ್ನೆಗೆ ನನ್ನ ಉತ್ತರ ಅವಳೇ. ಸರ್ಕಾರ ಹಣ ಕೊಡಲಿ, ಇಗರ್ಜಿಯವರಿಗೆ, ಮಠದವರಿಗೆ, ಮಸೀದಿಯವರಿಗೆ, ಯಾರಿಗೆ ಬೇಕಾದರೂ. ಕೊಟ್ಟ ಮೇಲೆ ಒಮ್ಮೆ ಬಂದು ಊಟದ ಹೊತ್ತಿಗೆ ನಿಲ್ಲಲಿ. ಬೇಡ ಎಂದು ಹೇಳಿದ ಮಗು ಎಲ್ಲರ ಸಾಲಿನಲ್ಲೇ ಕೂತು, ಹೊಟ್ಟೆ ತುಂಬ ಉಂಡು, ಅಡುಗೆಯವಳಿಗೆ ಉಪ್ಪು ಕಡಿಮೆ ಎಂದು ಹೆದರದೆ ಹೇಳುತ್ತದೋ ನೋಡಲಿ. ಹೇಳಿದರೆ ಹಣ ಸರಿಯಾದ ಕಡೆಗೇ ಹೋಗಿದೆ. ಬಾಯಿ ಮುಚ್ಚಿ ಉಂಡು ಎದ್ದರೆ, ನಿಲ್ಲಿಸಲಿ.