ಹುಳದ ಜ್ವರಕ್ಕೆ ನಿಂತ ಸ್ಕಿಪ್ಪಿಂಗ್

ಸ್ನೇಹಿತರೇ, ಇವತ್ತು ಬೆಳಿಗ್ಗೆ ಮೇಲೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳಕ್ಕೂ ನನ್ನ ಮಗಳಿಗೂ ಜಗಳ. ಹುಳದ ಪರ ವಾದಿಸಿದ್ದು ನಮ್ಮತ್ತೆ.

ಮಗಳು ಅಂಗಳದಲ್ಲಿ ಸ್ಕಿಪ್ಪಿಂಗ್ ಆಡುತ್ತಿದ್ದಳು. "ಹುಳ ಜ್ವರಕ್ಕೆ ಕೂತವೆ, ಧಡಧಡ ಅನ್ನಿಸ್ಬೇಡಮ್ಮ!" ಎಂದು ಅತ್ತೆ ಕೂಗಿದರು. ಹುಳ ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಸದ್ದಾಗಬಾರದು ಎಂಬುದು ಅತ್ತೆಯ ಕಟ್ಟಳೆ.

"ಮಕ್ಕಳು ದಿನಾ ಕುಣಿದ್ರೆ ದೊಡ್ಡೋರಾದ್ಮೇಲೆ ರಕ್ತನಾಳ ಪೆಡಸಾಗಲ್ಲ ಅಂತ ಸ್ಕೂಲಿಗೆ ಬಂದಿದ್ದ ಡಾಕ್ಟ್ರು ಹೇಳವ್ರೆ ಅಜ್ಜಿ."

"ಜ್ವರ ಬಿಡೋಗಂಟ ತಡಿ."

"ಹುಳ ನಾಲ್ಕು ಸಲ ಪೊರೆ ಬಿಟ್ಟು ಹೊಸದಾಗ್ತವೆ. ನನ್ನ ರಕ್ತನಾಳ ಹಂಗಾಗಲ್ವಲ್ಲ!"

ಅತ್ತೆ ಸೆರಗು ಸಿಕ್ಕಿಸಿಕೊಂಡು, ಹುಳಕ್ಕೆ ಸದ್ದು ಕೇಳದ ಹಿಪ್ಪುನೇರಳೆ ತೋಟಕ್ಕೆ ಅವಳನ್ನು ಓಡಲು ಕರೆದೊಯ್ದರು. ವಾಪಸು ಬಂದವರು ಏದುಸಿರಲ್ಲೇ ಕೇಳಿದರು: "ನಾಳೆ ಎಷ್ಟೊತ್ತಿಗೆ ಓಡ್ಬೇಕಮ್ಮ?"

ಅಂತೂ ಈ ಮನೆಯಲ್ಲಿ ನನ್ನ ಮಗಳಿಗೂ ಹುಳದಷ್ಟು ಬೆಲೆ ಬಂತು.